ನೆರೆ ನೀರು ಮತ್ತು ಯಂತ್ರೋಪಕರಣಗಳ ರಕ್ಷಣೆ: ಕುಮಾರಪಟ್ಟಣದ ನದಿದಡದಿಂದ ಕರಾವಳಿಯವರೆಗೆ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿಗೆ ಸೇರಿದ ಕುಮಾರಪಟ್ಟಣ ತುಂಗಭದ್ರಾ ನದಿಯ ಎಡದಂಡೆಯ ಊರು. ಆಚೆ ದಡದಲ್ಲಿ ದಾವಣಗೆರೆ ಜಿಲ್ಲೆಯ ಹರಿಹರ. ಈ ಎರಡೂ ಊರುಗಳಿಗೆ ಯಂತ್ರಗಳ ನಂಟು ಹಳೆಯದು. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ದೇಶದಾದ್ಯಂತ ಹೆಸರಾಗಿತ್ತು. 2000ರ ದಶಕದ ಆರಂಭದಲ್ಲಿ ಅದು ಬಾಗಿಲು ಮುಚ್ಚಿದರೂ ಅಲ್ಲಿ ತಯಾರಾದ ಲೇತ್‌ಗಳು ಇಂದಿಗೂ ನಮ್ಮ ಸಣ್ಣಪುಟ್ಟ ವರ್ಕ್‌ಶಾಪ್‌ಗಳಲ್ಲಿ ತಿರುಗುತ್ತಿವೆ. ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಗ್ರಾಸಿಂ ಸಂಸ್ಥೆಯ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಇಂಥ ದೊಡ್ಡ ಕಾರ್ಖಾನೆಗಳಿರುವಲ್ಲಿ ಲೇತ್, ವೆಲ್ಡಿಂಗ್, ಮೋಟಾರ್ ರಿವೈಂಡಿಂಗ್, ಫ್ಯಾಬ್ರಿಕೇಶನ್ ಕೆಲಸದಿಂದ ಬದುಕುವ ಕುಟುಂಬಗಳೂ ಇರುತ್ತವೆ.

ದೊಡ್ಡ ಕಾರ್ಖಾನೆಗೆ ತನ್ನದೇ ಎಂಜಿನಿಯರುಗಳು, ವಿಮೆ, ಬದಲಿ ಯಂತ್ರಗಳು ಇರುತ್ತವೆ. ಸಣ್ಣ ವರ್ಕ್‌ಶಾಪಿನವನಿಗೆ ಇರುವುದು ಒಂದೇ ಲೇತ್, ಒಂದು ಡ್ರಿಲ್ಲಿಂಗ್ ಮೆಶಿನ್, ಎರಡು ಗ್ರೈಂಡರ್, ಒಂದು ವೆಲ್ಡಿಂಗ್ ಸೆಟ್ಟು. ಅವುಗಳ ಮೇಲೆ ಬ್ಯಾಂಕಿನ ಸಾಲ. ಅಂಗಡಿಯಲ್ಲಿ ದುಡಿಯುವ ಇಬ್ಬರು ಹುಡುಗರ ದಿನಗೂಲಿಯೂ ಅವುಗಳಿಂದಲೇ. ಯಂತ್ರ ಒಂದು ತಿಂಗಳು ನಿಂತರೆ ಮೂರು ಮನೆಗಳ ಒಲೆಗೆ ತೊಂದರೆ.

ನೀರಿನಲ್ಲಿ ಮುಳುಗಿದ ಯಂತ್ರವೆಂದರೆ ಕೆಟ್ಟುಹೋದ ಯಂತ್ರ ಎಂಬ ಭಾವನೆ ಅನೇಕರಲ್ಲಿದೆ. ಇದು ಪೂರ್ತಿ ನಿಜವಲ್ಲ. ಎರಡು ದಿನ ಸಿಹಿನೀರಿನಲ್ಲಿ ಮುಳುಗಿದ್ದ ಲೇತ್ ಅಥವಾ ಮೋಟಾರನ್ನು ಬಹಳ ಸಲ ಉಳಿಸಿಕೊಳ್ಳಬಹುದು. ನೀರು ಇಳಿದ ಮೇಲಿನ ಎರಡು ತಪ್ಪುಗಳು ಅದನ್ನು ನಿಜವಾಗಿ ಕೊಲ್ಲುತ್ತವೆ. ಮೊದಲನೆಯದು, "ಒಮ್ಮೆ ಹಾಕಿ ನೋಡೋಣ" ಎಂದು ಸ್ವಿಚ್ ಒತ್ತುವುದು. ಎರಡನೆಯದು, ಕೆಸರನ್ನು ಹಾಗೆಯೇ ಒಣಗಲು ಬಿಡುವುದು. ಈ ಎರಡನ್ನು ತಪ್ಪಿಸಿ, ಮಳೆಗಾಲಕ್ಕೆ ಮೊದಲೇ ಸ್ವಲ್ಪ ಸಿದ್ಧತೆ ಮಾಡಿಕೊಂಡರೆ ನಷ್ಟ ಬಹಳಷ್ಟು ಕಡಿಮೆಯಾಗುತ್ತದೆ.

ನದಿಯನ್ನು ಅರಿತುಕೊಳ್ಳುವುದು

ಶಿವಮೊಗ್ಗದ ಬಳಿಯ ಕೂಡ್ಲಿಯಲ್ಲಿ ತುಂಗಾ ಮತ್ತು ಭದ್ರಾ ನದಿಗಳು ಸೇರಿ ತುಂಗಭದ್ರೆಯಾಗುತ್ತವೆ. ಹೊನ್ನಾಳಿಯನ್ನು ದಾಟಿ ನದಿ ಹರಿಹರ, ಕುಮಾರಪಟ್ಟಣಗಳ ನಡುವೆ ಹರಿಯುತ್ತದೆ. ಹರಿಹರದಲ್ಲಿ ಸೂಳೆಕೆರೆಯ ಕಡೆಯಿಂದ ಬರುವ ಹರಿದ್ರಾ ಹಳ್ಳವೂ ಸೇರುತ್ತದೆ.

ಮೇಲಿನ ಎರಡು ಅಣೆಕಟ್ಟುಗಳ ಸ್ವಭಾವ ಬೇರೆ ಬೇರೆ. ಗಾಜನೂರಿನ ತುಂಗಾ ಜಲಾಶಯ ಚಿಕ್ಕದು, ಅದರ ಸಾಮರ್ಥ್ಯ ಸುಮಾರು 3.24 ಟಿಎಂಸಿ. ಆಗುಂಬೆ, ಶೃಂಗೇರಿ ಕಡೆ ಮಳೆ ಬಿರುಸಾದರೆ ಅದು ಬೇಗ ತುಂಬಿ ನೀರು ನದಿಗೆ ಬರುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯ ಸುಮಾರು 71.5 ಟಿಎಂಸಿ ಹಿಡಿಯುತ್ತದೆ, ಗರಿಷ್ಠ ಮಟ್ಟ 186 ಅಡಿ. ಅದು ತುಂಬುವವರೆಗೂ ನೆರೆಯನ್ನು ತಡೆದಿಟ್ಟುಕೊಳ್ಳುತ್ತದೆ. ತುಂಬಿದ ಮೇಲೆ ಎರಡೂ ನದಿಗಳ ನೀರು ಒಟ್ಟಿಗೆ ಕೆಳಗೆ ಬರತೊಡಗುತ್ತದೆ. ಆದುದರಿಂದ ಭದ್ರಾ ಮಟ್ಟ 186 ಅಡಿಗೆ ಸಮೀಪಿಸಿದೆ, ಗಾಜನೂರಿನ ಹೊರಹರಿವು ಏರುತ್ತಿದೆ ಎಂಬ ಎರಡು ಸುದ್ದಿಗಳು ಒಂದೇ ದಿನ ಬಂದರೆ ನದಿದಡದ ವರ್ಕ್‌ಶಾಪಿನವರು ಎಚ್ಚರಗೊಳ್ಳಬೇಕು.

2019ರ ಆಗಸ್ಟ್‌ನಲ್ಲಿ ತುಂಗಭದ್ರಾ, ವರದಾ, ಕುಮುದ್ವತಿ ನದಿಗಳು ಉಕ್ಕಿ ಹಾವೇರಿ ಜಿಲ್ಲೆ ತತ್ತರಿಸಿತು. ಅದಕ್ಕೂ ಹಿಂದೆ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆ ಉತ್ತರ ಕರ್ನಾಟಕವನ್ನೇ ಮುಳುಗಿಸಿತ್ತು. ನದಿ ಏರಿದಾಗಲೆಲ್ಲ ಹರಿಹರದ ಗಂಗಾನಗರ, ಹೊನ್ನಾಳಿಯ ಬಾಲರಾಜ ಘಾಟ್ ಮೊದಲು ಸುದ್ದಿಗೆ ಬರುತ್ತವೆ.

ಆದರೂ ಇಲ್ಲಿನವರಿಗೆ ಒಂದು ಅನುಕೂಲವಿದೆ. ಗಾಜನೂರಿನಿಂದ ಹೊರಟ ನೀರು ಕುಮಾರಪಟ್ಟಣ ತಲುಪಲು ಹಲವು ಗಂಟೆಗಳು ಬೇಕು. ಆ ಗಂಟೆಗಳೇ ಯಂತ್ರ ಉಳಿಸುವ ಗಂಟೆಗಳು.

ನಮ್ಮ ಕರಾವಳಿಯಲ್ಲಿ ಹಾಗಲ್ಲ. ಘಟ್ಟದಿಂದ ಸಮುದ್ರಕ್ಕೆ ನದಿಗಳ ಹಾದಿ ಚಿಕ್ಕದು. 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ನೀರು ಕೆಲವೇ ಗಂಟೆಗಳಲ್ಲಿ ಅಂಗಡಿ, ಮನೆಗಳೊಳಗೆ ನುಗ್ಗಿತು. ಬಂಟ್ವಾಳ, ಪಾಣೆಮಂಗಳೂರಿನ ಹಿರಿಯರು ಇಂದಿಗೂ 1974ರ ನೇತ್ರಾವತಿ ನೆರೆಯನ್ನು ನೆನೆಯುತ್ತಾರೆ. ಕುಮಾರಪಟ್ಟಣದಲ್ಲಿ ಎಚ್ಚರಿಕೆ ಬಂದ ಮೇಲೆ ಮಾಡಬಹುದಾದ ಕೆಲಸಗಳನ್ನು ಕರಾವಳಿಯವರು ಮೇ ತಿಂಗಳಲ್ಲೇ ಮುಗಿಸಿರಬೇಕು.

ಮಳೆಗಾಲಕ್ಕೆ ಮೊದಲು ಮಾಡಬೇಕಾದದ್ದು

1. ನೆರೆ ಗುರುತು. ಹಿಂದಿನ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಹಿರಿಯರಿಂದ ಕೇಳಿ ತಿಳಿದು, ಗೋಡೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆಯಿರಿ, ವರ್ಷವನ್ನೂ ಬರೆಯಿರಿ. ಅಂಗಡಿಯ ಎಲ್ಲ ವ್ಯವಸ್ಥೆಗೆ ಈ ಗೆರೆಯೇ ಅಳತೆಗೋಲು.

2. ವಿದ್ಯುತ್ ಮೇಲಿನಿಂದ. ಮೇನ್ ಸ್ವಿಚ್, ಸ್ಟಾರ್ಟರ್, ಪ್ಲಗ್ ಪಾಯಿಂಟ್‌ಗಳು ಆ ಗೆರೆಗಿಂತ ಕನಿಷ್ಠ ಎರಡು ಅಡಿ ಮೇಲಿರಲಿ. ನೆಲದ ಪೈಪಿನಲ್ಲಿ ಎಳೆದ ವೈರಿಗಿಂತ ಮಾಡಿನ ಕಡೆಯಿಂದ ಇಳಿಸಿದ ವೈರು ಸುರಕ್ಷಿತ.

3. ಕಟ್ಟೆ. ಹೊಸ ಯಂತ್ರ ಕೂರಿಸುವಾಗ ಕಾಂಕ್ರೀಟ್ ಕಟ್ಟೆಯನ್ನು ಒಂದೂವರೆ ಅಡಿ ಎತ್ತರಿಸಿದರೆ ಖರ್ಚು ಹೆಚ್ಚಲ್ಲ. ಅನೇಕ ಲೇತ್‌ಗಳಲ್ಲಿ ಮೋಟಾರು ಕಾಲಿನ ಪೆಟ್ಟಿಗೆಯಲ್ಲಿ, ಅಂದರೆ ಎಲ್ಲಕ್ಕಿಂತ ಕೆಳಗೆ ಇರುತ್ತದೆ. ಒಂದು ಅಡಿ ನೀರು ಬಂದರೂ ಮೊದಲು ಮುಳುಗುವುದು ಅದೇ.

4. ಎತ್ತುವ ವ್ಯವಸ್ಥೆ. ಮಾಡಿನ ಗಟ್ಟಿ ತೊಲೆಗೆ ಒಂದು ಚೈನ್ ಪುಲ್ಲಿ ಕಟ್ಟಿರಲಿ. ಮೋಟಾರಿನ ಬೋಲ್ಟುಗಳಿಗೆ ವರ್ಷಕ್ಕೊಮ್ಮೆ ಗ್ರೀಸು ಹಚ್ಚಿ ಸಡಿಲಿಸಿ ಬಿಗಿಯಿರಿ. ನೆರೆಯ ರಾತ್ರಿ ತುಕ್ಕು ಹಿಡಿದ ಬೋಲ್ಟಿನೊಂದಿಗೆ ಹೋರಾಡುವಂತಾಗಬಾರದು.

5. ದಾಖಲೆ. ಪ್ರತಿ ಯಂತ್ರದ ಹೆಸರು ಫಲಕ, ಸೀರಿಯಲ್ ನಂಬರ್ ಕಾಣುವಂತೆ ಫೋಟೋ ತೆಗೆಯಿರಿ. ಖರೀದಿ ಬಿಲ್ಲು, ಸಾಲದ ಪತ್ರ, ಉದ್ಯಮ್ ನೋಂದಣಿ, ವಿಮಾ ಪಾಲಿಸಿಯ ಪ್ರತಿಗಳು ಮನೆಯಲ್ಲೂ ಇರಲಿ, ಮೊಬೈಲಿನಲ್ಲೂ ಇರಲಿ. ಸಿಎನ್‌ಸಿ ಯಂತ್ರ ಇರುವವರು ಪ್ರೋಗ್ರಾಂ ಮತ್ತು ಪ್ಯಾರಾಮೀಟರುಗಳ ನಕಲನ್ನು ಬೇರೆಡೆ ಇಟ್ಟಿರಬೇಕು.

ನೀರು ಏರುತ್ತಿದೆ ಎಂದಾಗ

ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಗೆ ಕರೆ ಮಾಡಿ ನದಿಯ ಸ್ಥಿತಿ ತಿಳಿಯಬಹುದು. ಅಲ್ಲಿಂದ ಮುಂದೆ ಕೆಲಸಕ್ಕೆ ಒಂದು ಕ್ರಮ ಬೇಕು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿದರೆ ಅಗ್ಗದ ಕಬ್ಬಿಣ ಮಾಡಿನ ಮೇಲೆ, ದುಬಾರಿ ಉಪಕರಣ ನೀರಿನೊಳಗೆ ಎಂಬಂತಾಗುತ್ತದೆ.

ಎಲ್ಲಕ್ಕಿಂತ ಮೊದಲು ಕಾರ್ಬೈಡ್ ಡಬ್ಬ. ಹಳೆಯ ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟುಕೊಳ್ಳುವುದುಂಟು. ಅದಕ್ಕೆ ನೀರು ತಾಗಿದರೆ ಅಸಿಟಿಲೀನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದು ಕಿಡಿ ಸಾಕು. ಈ ಡಬ್ಬವನ್ನು ಅಂಗಡಿಯಿಂದಲೇ ಹೊರಗೆ, ಎತ್ತರದ ಒಣ ಜಾಗಕ್ಕೆ ಸಾಗಿಸಬೇಕು.

ಎರಡನೆಯದು ಹಗುರವಾದ ದುಬಾರಿ ವಸ್ತುಗಳು: ವರ್ನಿಯರ್, ಮೈಕ್ರೋಮೀಟರ್, ಡಯಲ್ ಗೇಜ್, ಕೈ ಡ್ರಿಲ್, ಗ್ರೈಂಡರ್, ಇನ್ವರ್ಟರ್ ವೆಲ್ಡಿಂಗ್ ಸೆಟ್ಟು, ಬ್ಯಾಟರಿಗಳು.

ಮೂರನೆಯದು ಮೋಟಾರುಗಳು ಮತ್ತು ಸ್ಟಾರ್ಟರ್ ಪೆಟ್ಟಿಗೆಗಳು. ಮೇನ್ ಸ್ವಿಚ್ ಆರಿಸಿ, ಫ್ಯೂಸ್ ಕಿತ್ತ ಮೇಲೆಯೇ ವೈರು ಬಿಚ್ಚಬೇಕು. ಯಾವ ತುದಿ ಎಲ್ಲಿಗೆ ಎಂದು ಟೇಪು ಅಂಟಿಸಿ ಗುರುತು ಹಾಕಿ, ಫೋಟೋ ತೆಗೆಯಿರಿ. ನೀರು ಆಗಲೇ ಒಳಗೆ ಬಂದಿದ್ದರೆ ಅದರಲ್ಲಿ ನಿಂತು ಸ್ವಿಚ್ ಮುಟ್ಟಬಾರದು. 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಬೇಕು. ಕುಮಾರಪಟ್ಟಣದ ಕಡೆ ಹೆಸ್ಕಾಂ, ಹೊಳೆ ದಾಟಿದರೆ ಬೆಸ್ಕಾಂ, ಮಂಗಳೂರು ಉಡುಪಿಯಲ್ಲಿ ಮೆಸ್ಕಾಂ. ಸಂಖ್ಯೆ ಮಾತ್ರ ಒಂದೇ.

ನಾಲ್ಕನೆಯದು ತೇಲುವ ವಸ್ತುಗಳು. ಭಾರವಿದೆ, ಎಲ್ಲಿಗೆ ಹೋದೀತು ಎಂದು ಏರ್ ಕಂಪ್ರೆಸರನ್ನು ಬಿಡುವವರಿದ್ದಾರೆ. 200 ಲೀಟರಿನ ಖಾಲಿ ಟ್ಯಾಂಕು ಪೂರ್ತಿ ಮುಳುಗಿದರೆ ನೀರು ಅದನ್ನು ಸುಮಾರು 200 ಕಿಲೋ ಬಲದಿಂದ ಮೇಲಕ್ಕೆ ತಳ್ಳುತ್ತದೆ. ತೇಲಿದ ಟ್ಯಾಂಕು ಗೋಡೆಗೂ ಇತರ ಯಂತ್ರಗಳಿಗೂ ಗುದ್ದುತ್ತದೆ. ಕಂಪ್ರೆಸರ್, ಎಣ್ಣೆಯ ಡ್ರಮ್ಮು, ಗ್ಯಾಸ್ ಸಿಲಿಂಡರುಗಳನ್ನು ಸರಪಳಿಯಿಂದ ಕಂಬಕ್ಕೆ ಬಿಗಿಯಬೇಕು. ಸಾಧ್ಯವಾದರೆ ಸಿಲಿಂಡರುಗಳನ್ನು ಸಾಗಿಸಿಬಿಡಬೇಕು. ಹಳೆ ಎಂಜಿನ್ ಆಯಿಲಿನ ಡ್ರಮ್ಮು ಮಗುಚಿದರೆ ಅಕ್ಕಪಕ್ಕದ ಮನೆಗಳೂ ಗದ್ದೆಗಳೂ ಹಾಳಾಗುತ್ತವೆ.

ಕೊನೆಯದಾಗಿ, ಎತ್ತಲಾಗದ ಯಂತ್ರಗಳು. ಲೇತಿನ ಹಾಸು, ಲೀಡ್ ಸ್ಕ್ರೂ, ಚಕ್, ಡ್ರಿಲ್ಲಿಂಗ್ ಮೆಶಿನ್ನಿನ ಮೇಜು ಮುಂತಾದ ಹೊಳೆಯುವ ಭಾಗಗಳಿಗೆಲ್ಲ ಗ್ರೀಸನ್ನು ದಪ್ಪವಾಗಿ ಬಳಿಯಬೇಕು. ಎಲ್ಲೂ ಲೋಹ ಕಾಣಬಾರದು. ಗೇರ್ ಬಾಕ್ಸಿನ ಉಸಿರುಕಿಂಡಿ ಮತ್ತು ಎಣ್ಣೆ ಹಾಕುವ ತೂತುಗಳಿಗೆ ಗ್ರೀಸು ತುಂಬಿ ಟೇಪು ಸುತ್ತಬೇಕು. ಡೀಸೆಲ್ ಜನರೇಟರಿನ ಗಾಳಿ ಎಳೆಯುವ ಬಾಯಿ ಮತ್ತು ಸೈಲೆನ್ಸರ್ ಬಾಯಿಗಳಿಗೆ ಬಿರಡೆ ಹಾಕಬೇಕು. ಪ್ಲಾಸ್ಟಿಕ್ ಹೊದಿಕೆ ಮಳೆಗೆ ಸರಿ, ನೆರೆಗೆ ಉಪಯೋಗವಿಲ್ಲ. ಒಳಗೆ ಹೊಕ್ಕ ನೀರು ಹೊರಹೋಗದೆ ತುಕ್ಕು ಹೆಚ್ಚುತ್ತದೆ.

ನೀರು ಇಳಿದ ಮೊದಲ ದಿನ

ಒಳಗೆ ಕಾಲಿಡುವ ಮೊದಲು ಲೈನ್ ಬಂದ್ ಆಗಿರುವುದನ್ನು ಖಚಿತಪಡಿಸಿಕೊಳ್ಳಿ. ಕಿಟಕಿ ಬಾಗಿಲು ತೆರೆದು ಗಾಳಿಯಾಡಲು ಬಿಡಿ. ಗಮ್ ಬೂಟು ಮತ್ತು ಕೈಗವಸು ಕಡ್ಡಾಯ. ನೆರೆ ನೀರಿನಿಂದ ಇಲಿಜ್ವರ ಬರುವುದು ಕರಾವಳಿಯವರಿಗೆ ಹೊಸತಲ್ಲ. ಕಾಲಿನಲ್ಲಿ ಗಾಯವಿದ್ದವರು ಕೆಸರಿಗೆ ಇಳಿಯಬಾರದು. ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ ನೆರೆ ನೀರಿನಲ್ಲಿ ಕೆಲಸ ಮಾಡಿದ್ದನ್ನು ಹೇಳಬೇಕು. ತುಕ್ಕು ಕಬ್ಬಿಣ ಚುಚ್ಚಿದರೆ ಟಿಟಿ ಇಂಜೆಕ್ಷನ್ ಬಗ್ಗೆ ಕೇಳಬೇಕು.

ಯಾವುದನ್ನೂ ಮುಟ್ಟುವ ಮೊದಲು ನೀರಿನ ಗುರುತು ಕಾಣುವಂತೆ ಎಲ್ಲ ಯಂತ್ರಗಳ ಫೋಟೋ ತೆಗೆಯಿರಿ. ವಿಮೆ ಇದ್ದರೆ ಅಂದೇ ಕಂಪನಿಗೆ ತಿಳಿಸಿ, ಯಂತ್ರ ಉಳಿಸಲು ತೊಳೆಯಬೇಕಾಗಿದೆ ಎಂದು ಹೇಳಿ.

ಆಮೇಲಿನ ಕೆಲಸ ಕೇಳುವವರಿಗೆ ವಿಚಿತ್ರವೆನಿಸಬಹುದು. ಒದ್ದೆಯಾದ ಯಂತ್ರವನ್ನು ಮತ್ತೆ ನೀರಿನಿಂದ ತೊಳೆಯಬೇಕು. ಕೆಸರು ಒದ್ದೆಯಿರುವಾಗ ನೀರಿನ ಪೈಪಿಗೆ ಬಿಟ್ಟುಕೊಡುತ್ತದೆ. ಒಣಗಿದರೆ ಸಂದುಗಳಲ್ಲಿ ಕಲ್ಲಿನಂತೆ ಕೂರುತ್ತದೆ, ತೇವವನ್ನು ಹಿಡಿದಿಟ್ಟು ಕೆಳಗಿನಿಂದ ತುಕ್ಕು ತಿನ್ನಿಸುತ್ತದೆ, ಯಂತ್ರ ತಿರುಗಿದಾಗ ಉಪ್ಪುಕಾಗದದಂತೆ ಲೋಹವನ್ನು ಉಜ್ಜುತ್ತದೆ. ಬಾವಿಯ ಅಥವಾ ನಲ್ಲಿಯ ಶುದ್ಧ ನೀರನ್ನು ಮೇಲಿನಿಂದ ಕೆಳಕ್ಕೆ ಹಾಯಿಸಿ. ಹೆಚ್ಚು ಒತ್ತಡದ ವಾಷರ್ ಬೇಡ, ಅದು ಮಣ್ಣನ್ನು ಬೇರಿಂಗಿನ ಒಳಗೆ ನೂಕುತ್ತದೆ.

ಕರಾವಳಿಯಲ್ಲಿ ಅಳಿವೆ ಬಾಗಿಲಿನ ಸಮೀಪ ಉಪ್ಪುನೀರು ಬೆರೆತಿರುತ್ತದೆ. ಉಪ್ಪು ಉಳಿದರೆ ಒಣಗಿದ ಮೇಲೂ ಗಾಳಿಯ ತೇವ ಎಳೆದುಕೊಂಡು ಲೋಹ ತಿನ್ನುತ್ತಲೇ ಇರುತ್ತದೆ. ಇಂಥಲ್ಲಿ ಸಿಹಿನೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಬೇಕು.

ತೊಳೆದ ಲೋಹ ಕೆಲವೇ ಗಂಟೆಗಳಲ್ಲಿ ಕೆಂಪಾಗತೊಡಗುತ್ತದೆ. ಆದುದರಿಂದ ಒಂದು ಯಂತ್ರ ತೊಳೆದು, ಒರೆಸಿ, ಎಣ್ಣೆ ಹಚ್ಚಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಕೈ ಸಾಲದಿದ್ದರೆ ಚಿಕ್ಕ ಭಾಗಗಳನ್ನೂ ಸ್ಪ್ಯಾನರುಗಳನ್ನೂ ಸರದಿ ಬರುವವರೆಗೆ ಡೀಸೆಲ್ ತುಂಬಿದ ಟಬ್ಬಿನಲ್ಲಿ ಮುಳುಗಿಸಿಡಿ. ಅದರ ಹತ್ತಿರ ಬೀಡಿ, ವೆಲ್ಡಿಂಗ್ ಎರಡೂ ಕೂಡದು.

ಒಂದೊಂದು ಯಂತ್ರಕ್ಕೆ ಒಂದೊಂದು ಉಪಚಾರ

ಮೋಟಾರು: ಬಿಚ್ಚಿ, ಸುರುಳಿಯನ್ನು ಶುದ್ಧ ನೀರಿನಲ್ಲಿ ತೊಳೆದು, ನಿಧಾನವಾಗಿ ಒಣಗಿಸಬೇಕು. ರಿವೈಂಡಿಂಗ್ ಅಂಗಡಿಯವರ ಓವನ್ ಉತ್ತಮ. ಇಲ್ಲದಿದ್ದರೆ ಪೆಟ್ಟಿಗೆಯೊಳಗೆ ಹಳೆ ಮಾದರಿಯ ಬಿಸಿ ಬಲ್ಬು ಉರಿಸಿ, ತೇವ ಹೊರಹೋಗಲು ಕಿಂಡಿ ಬಿಡಬೇಕು. ಬಿಸಿ 90 ಡಿಗ್ರಿ ಸೆಲ್ಸಿಯಸ್ ದಾಟಬಾರದು. ದಾಟಿದರೆ ಒಳಗಿನ ನೀರು ಆವಿಯಾಗಿ ಇನ್ಸುಲೇಶನ್ ಒಡೆಯುತ್ತದೆ. ಬಳಿಕ 500 ವೋಲ್ಟಿನ ಮೆಗರ್‌ನಿಂದ ಪರೀಕ್ಷೆ. 415 ವೋಲ್ಟಿನ ಮೋಟಾರಿಗೆ 1 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ವಿದ್ಯುತ್ ಕೊಡಲೇಬಾರದು, 5 ಅಥವಾ ಹೆಚ್ಚು ಬರುವವರೆಗೆ ಒಣಗಿಸುವುದು ಒಳ್ಳೆಯದು. ಬೇರಿಂಗುಗಳನ್ನು ಬದಲಿಸಿಬಿಡಿ. ಒಣಗಿಸದೆ ಸ್ವಿಚ್ ಹಾಕಿದರೆ ಸುರುಳಿ ಸುಟ್ಟು, ತೊಳೆದು ಉಳಿಯಬಹುದಾದ ಮೋಟಾರಿಗೆ ಪೂರ್ತಿ ರಿವೈಂಡಿಂಗ್ ಖರ್ಚು ಬೀಳುತ್ತದೆ.

ಸ್ವಿಚ್ಚು, ಎಂಸಿಬಿ, ಫ್ಯೂಸ್, ಕೆಪ್ಯಾಸಿಟರ್: ಮುಳುಗಿದ್ದನ್ನು ಮತ್ತೆ ಬಳಸಬಾರದು. ಹೊರಗೆ ಒಣಗಿದಂತೆ ಕಂಡರೂ ಒಳಗಿನ ಸ್ಪ್ರಿಂಗು, ಸಂಪರ್ಕಗಳಲ್ಲಿ ಮಣ್ಣು ಇರುತ್ತದೆ. ಅಪಾಯದ ಹೊತ್ತಿನಲ್ಲಿ ಟ್ರಿಪ್ ಆಗದ ಎಂಸಿಬಿ ಇದ್ದೂ ಇಲ್ಲದಂತೆ.

ಲೇತ್ ಮತ್ತು ಗೇರ್ ಬಾಕ್ಸು: ನೀರು ಎಣ್ಣೆಗಿಂತ ಭಾರವಾದ್ದರಿಂದ ಹೆಡ್‌ಸ್ಟಾಕ್, ಏಪ್ರನ್‌ಗಳ ತಳದಲ್ಲಿ ನಿಂತಿರುತ್ತದೆ. ಕೆಳಗಿನ ಬಿರಡೆ ತೆಗೆದು ಎಲ್ಲ ಎಣ್ಣೆ ಇಳಿಸಿ, ಡೀಸೆಲಿನಲ್ಲಿ ತೊಳೆದು, ಹೊಸ ಎಣ್ಣೆ ಹಾಕಿ. ಚಕ್ಕನ್ನು ಕೈಯಿಂದ ತಿರುಗಿಸಿ ನೋಡಿ. ಒಂದು ವಾರ ಓಡಿದ ಮೇಲೆ ಎಣ್ಣೆ ಬೆಳ್ಳಗೆ ಹಾಲಿನಂತಾಗಿದ್ದರೆ ನೀರು ಇನ್ನೂ ಇದೆ ಎಂದರ್ಥ, ಮತ್ತೆ ಬದಲಿಸಿ. ಹಾಸಿನ ಮೇಲಿನ ತುಕ್ಕನ್ನು ಎಣ್ಣೆ ಹಚ್ಚಿ ಮರದ ತುಂಡಿನಿಂದ ಉಜ್ಜಿ ತೆಗೆಯಿರಿ. ಒರಟು ಉಪ್ಪುಕಾಗದ ಹಾಕಿದರೆ ಲೇತಿನ ನಿಖರತೆಯೇ ಹೋಗುತ್ತದೆ.

ವೆಲ್ಡಿಂಗ್ ಸೆಟ್ಟು: ಆಯಿಲ್ ಕೂಲ್ಡ್ ಸೆಟ್ಟಿನಲ್ಲೂ ನೀರು ಎಣ್ಣೆಯ ಕೆಳಗೆ ಸೇರುತ್ತದೆ. ಎಣ್ಣೆ ಪೂರ್ತಿ ಬದಲಿಸಿ, ಸುರುಳಿ ಒಣಗಿಸಿ, ಮೆಗರ್ ಹಾಕಿದ ಮೇಲೆಯೇ ಬಳಕೆ. ಇನ್ವರ್ಟರ್ ಸೆಟ್ಟನ್ನು ನೀವೇ ಬಿಚ್ಚಬೇಡಿ, ಒಳಗಿನ ಕೆಪ್ಯಾಸಿಟರ್ ಪ್ಲಗ್ ತೆಗೆದ ಮೇಲೂ ಶಾಕ್ ಹೊಡೆಯಬಲ್ಲದು.

ಡೀಸೆಲ್ ಎಂಜಿನ್: ಎಂಥ ಅವಸರವಿದ್ದರೂ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿನೊಳಗಿನ ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜೆಕ್ಟರ್ ತೆಗೆದು, ಕೈಯಿಂದ ತಿರುಗಿಸಿ ನೀರು ಹೊರಹಾಕಿ. ಎಂಜಿನ್ ಆಯಿಲ್, ಡೀಸೆಲ್, ಫಿಲ್ಟರುಗಳನ್ನೆಲ್ಲ ಬದಲಿಸಿ.

ಅಳತೆಯ ಉಪಕರಣಗಳು: ಮುಳುಗಿದ ಮೈಕ್ರೋಮೀಟರನ್ನು ತೊಳೆದು ಎಣ್ಣೆ ಹಾಕಿದರೆ ಸಾಲದು. ಕ್ಯಾಲಿಬ್ರೇಶನ್ ಮಾಡಿಸದೆ ಅದರ ಅಳತೆ ನಂಬಿ ಮಾಲು ಕೊಟ್ಟರೆ ಯಂತ್ರ ಉಳಿದರೂ ಗಿರಾಕಿ ಹೋಗುತ್ತಾನೆ.

ಬಡಗಿ ಮತ್ತು ಟೈಲರ್ ಉಪಕರಣಗಳು: ಉಳಿ, ಗರಗಸಗಳನ್ನು ಹಿಡಿಯಿಂದ ಬೇರ್ಪಡಿಸಿ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಮರದ ಹಿಡಿಗಳನ್ನು ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಸೀಳುತ್ತವೆ. ಹೊಲಿಗೆ ಯಂತ್ರದ ತಲೆಯನ್ನು ಬಿಚ್ಚಿ, ಡೀಸೆಲಿನಲ್ಲಿ ತೊಳೆದು, ಹೊಲಿಗೆ ಯಂತ್ರದ ಎಣ್ಣೆ ಹಾಕಿದರೆ ಹೆಚ್ಚಿನವು ಉಳಿಯುತ್ತವೆ.

ವಿಮೆ ಮತ್ತು ಪರಿಹಾರ

ಸಣ್ಣ ಉದ್ಯಮಗಳಿಗೆಂದು 2021ರ ಏಪ್ರಿಲ್ 1ರಿಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಏಕರೂಪದ ಪಾಲಿಸಿ ಜಾರಿಯಲ್ಲಿದೆ. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಇದು ಅನ್ವಯ. ಬೆಂಕಿಯೊಂದಿಗೆ ನೆರೆಯೂ ಇದರಲ್ಲಿ ಸೇರಿದೆ. ಆದರೆ ವಿದ್ಯುತ್ ಯಂತ್ರವೊಂದು ತನ್ನೊಳಗಿನ ಶಾರ್ಟ್ ಸರ್ಕ್ಯೂಟಿನಿಂದ ಸುಟ್ಟರೆ ಆ ಯಂತ್ರದ ನಷ್ಟ ಸಾಮಾನ್ಯವಾಗಿ ಸೇರುವುದಿಲ್ಲ. ಒದ್ದೆ ಮೋಟಾರಿಗೆ ಸ್ವಿಚ್ ಹಾಕಿ ಸುಟ್ಟುಕೊಂಡವನಿಗೆ ಯಂತ್ರವೂ ಹೋಗಿ, ಪರಿಹಾರದಲ್ಲೂ ತಕರಾರು ಏಳಬಹುದು.

ಸಾಲ ಕೊಟ್ಟ ಬ್ಯಾಂಕು ವಿಮೆ ಮಾಡಿಸಿದ್ದರೆ ಅದು ಚಾಲ್ತಿಯಲ್ಲಿದೆಯೇ, ಯಾವ ವಿಳಾಸಕ್ಕೆ, ಎಷ್ಟು ಮೊತ್ತಕ್ಕೆ ಎಂಬುದನ್ನು ಮೇ ತಿಂಗಳಲ್ಲೇ ನೋಡಿಕೊಳ್ಳಬೇಕು. ಅಂಗಡಿ ಬೇರೆಡೆಗೆ ಹೋಗಿ, ಪಾಲಿಸಿಯಲ್ಲಿ ಹಳೆ ವಿಳಾಸವೇ ಉಳಿದಿದ್ದರೆ ಪರಿಹಾರ ಕೈತಪ್ಪಬಹುದು.

ಸರಕಾರದ ವಿಪತ್ತು ಪರಿಹಾರ ನಿಧಿಯಿಂದ ಕೈಮಗ್ಗ ಮತ್ತು ಕರಕುಶಲ ಕೆಲಸಗಾರರಿಗೆ ಹಾಳಾದ ಉಪಕರಣಕ್ಕೆ ನೆರವು ಇದೆ. 2022ರಲ್ಲಿ ಪರಿಷ್ಕೃತವಾದ ನಿಯಮದಂತೆ ಅದು ಒಬ್ಬರಿಗೆ 5,000 ರೂಪಾಯಿ. ಅಧಿಕಾರಿಗಳು ನಷ್ಟವನ್ನು ದೃಢೀಕರಿಸಬೇಕು, ಆದುದರಿಂದ ಫೋಟೋ ಇಲ್ಲಿಯೂ ಬೇಕು. ಲೇತ್, ಮೋಟಾರುಗಳ ಬೆಲೆಯ ಮುಂದೆ ಈ ಮೊತ್ತ ಬಹಳ ಚಿಕ್ಕದು. ಸಣ್ಣ ವರ್ಕ್‌ಶಾಪಿನವನಿಗೆ ವಿಮೆ ಮತ್ತು ಮುಂಜಾಗ್ರತೆಗಳೇ ಆಧಾರ.

ಊರಿನವರು ಸೇರಿ ಮಾಡಬಹುದಾದದ್ದು

ಒಂದೇ ರಸ್ತೆಯ ಹತ್ತು ಅಂಗಡಿಗಳಿಗೆ ಒಂದು ಮೆಗರ್, ಎರಡು ಚೈನ್ ಪುಲ್ಲಿ, ಒಂದು ಡೀಸೆಲ್ ಪಂಪು, ಒಣಗಿಸುವ ಒಂದು ಪೆಟ್ಟಿಗೆ ಸಾಕು. ಒಬ್ಬೊಬ್ಬರೇ ಕೊಳ್ಳಲಾಗದಿದ್ದರೂ ಹತ್ತು ಮಂದಿ ಸೇರಿದರೆ ಹೊರೆಯಲ್ಲ. ಎತ್ತರದಲ್ಲಿರುವ ಶಾಲೆ, ದೇವಸ್ಥಾನ, ಮಸೀದಿ, ಚರ್ಚುಗಳ ಸಭಾಂಗಣದಲ್ಲಿ ಉಪಕರಣಗಳಿಗೂ ಒಂದು ಮೂಲೆ ಸಿಗುವಂತೆ ಮೊದಲೇ ಮಾತಾಡಿಕೊಳ್ಳಬಹುದು. ನೆರೆಯ ಸಮಯದಲ್ಲಿ ಮನೆ, ಜಾನುವಾರು, ಅಕ್ಕಿಯ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ದುಡಿಯುವವನ ಉಪಕರಣದ ಬಗ್ಗೆ ಯೋಚಿಸುವವರು ಕಡಿಮೆ. ಗಂಜಿಕೇಂದ್ರದಿಂದ ಮರಳಿದ ಮರುದಿನ ಅವನ ಮನೆ ನಡೆಯಬೇಕಾದರೆ ಆ ಉಪಕರಣ ಸುಸ್ಥಿತಿಯಲ್ಲಿರಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ ಎಂಬ ಗಾದೆ ನೆರೆಗೂ ಸಲ್ಲುತ್ತದೆ. ಗೋಡೆಯ ಮೇಲಿನ ಗೆರೆ, ತೊಲೆಗೆ ಕಟ್ಟಿದ ಚೈನ್ ಪುಲ್ಲಿ, ಒಂದು ಡಬ್ಬ ಗ್ರೀಸು, ಮೊಬೈಲಿನಲ್ಲಿ ಹತ್ತು ಫೋಟೋ: ಇಷ್ಟನ್ನು ಈ ಮಳೆಗಾಲಕ್ಕೆ ಮೊದಲೇ ಸಿದ್ಧಮಾಡಿಕೊಳ್ಳಿ. ನೀರು ಇಳಿದ ದಿನ ಯಾರಾದರೂ ಸ್ವಿಚ್ಚಿಗೆ ಕೈ ಹಾಕಿದರೆ ತಡೆದು, ಮೊದಲು ನೀರಿನ ಪೈಪನ್ನು ಅವರ ಕೈಗೆ ಕೊಡಿ.